ಬೆಳಕಿನ ವೇಗವನ್ನು ನಾವೇ ಅಳೆದು ತಿಳಿಯುವುದು: ಮಲೆನಾಡಿನ ಮನೆ, ಲ್ಯಾಬು, ಅಂಗಳಕ್ಕೆ ಹೊಂದುವ ಮಾರ್ಗದರ್ಶಿ

ಗದ್ದೆಯಾಚೆ, ಎದುರು ಗುಡ್ಡದ ಬುಡದಲ್ಲಿ ಯಾರೋ ಸೌದೆ ಒಡೆಯುತ್ತಿರುತ್ತಾರೆ. ಕೊಡಲಿ ಕೊರಡಿಗೆ ಬಿದ್ದದ್ದು ಕಾಣುತ್ತದೆ. ಅದು ಮತ್ತೆ ತಲೆಯ ಮೇಲಕ್ಕೆ ಹೋದಾಗ 'ಠಪ್' ಎಂಬ ಸದ್ದು ನಮ್ಮ ಕಿವಿಗೆ ಬೀಳುತ್ತದೆ. ನಡುವೆ ಒಂದು ಸೆಕೆಂಡು ಕಳೆದಿದ್ದರೆ ಆ ಜಾಗ ಸುಮಾರು 345 ಮೀಟರ್ ದೂರ ಎಂದರ್ಥ. ಈ ಲೆಕ್ಕದಲ್ಲಿ ನಾವು ಗೊತ್ತಿಲ್ಲದೆಯೇ ಒಂದು ಮಾತು ಒಪ್ಪಿಕೊಂಡುಬಿಟ್ಟಿರುತ್ತೇವೆ: ಕೊಡಲಿ ಬಿದ್ದದ್ದು ಕಣ್ಣಿಗೆ ಕಾಣಲು ಹೊತ್ತೇ ಹಿಡಿಯಲಿಲ್ಲ ಎಂದು. ಆದರೆ ಹಿಡಿದಿದೆ. ಬೆಳಕು ಆ ದೂರವನ್ನು ದಾಟಲು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತ ತುಸು ಹೆಚ್ಚು ಸಮಯ ತೆಗೆದುಕೊಂಡಿದೆ.

ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಈ ಅಂಕಿಯನ್ನು ಬಾಯಿಪಾಠ ಮಾಡುವುದು ಸುಲಭ, ಅದನ್ನು ಅನುಭವಕ್ಕೆ ತಂದುಕೊಳ್ಳುವುದು ಕಷ್ಟ. ಗುಟ್ಟು ಇರುವುದು ಒಂದೇ ಕಡೆ. ಇಷ್ಟು ಚಿಕ್ಕ ಸಮಯವನ್ನು ಕೈಯಲ್ಲಿ ಅಳೆಯಲಾಗದು. ಆದ್ದರಿಂದ ಒಂದೋ ಬೆಳಕು ಸಾಗುವ ದಾರಿಯನ್ನು ಬಹಳ ಉದ್ದ ಮಾಡಬೇಕು, ಇಲ್ಲವೇ ಆ ಸಮಯವನ್ನು ಸ್ಕೇಲಿನಲ್ಲಿ ಅಳೆಯಬಹುದಾದ ಒಂದು ಉದ್ದವಾಗಿ ಬದಲಾಯಿಸಬೇಕು. ಮುಂದೆ ಹೇಳುವ ವಿಧಾನಗಳೆಲ್ಲ ಈ ಎರಡರಲ್ಲಿ ಒಂದು ದಾರಿ ಹಿಡಿದಿವೆ.

ಮೊದಲು ಅಳತೆ ಕೈಗೆ ಕೂರಲಿ

ಶಾಲೆಯ ಒಂದಡಿ ಸ್ಕೇಲನ್ನು ಮೇಜಿನ ಮೇಲಿಡಿ. ಅದು 30 ಸೆಂಟಿಮೀಟರ್. ಬೆಳಕು ಅದರ ಈ ತುದಿಯಿಂದ ಆ ತುದಿಗೆ ಹೋಗಲು ಬೇಕಾದ ಸಮಯ ಒಂದು ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು. ಇದೊಂದನ್ನು ನೆನಪಿಟ್ಟುಕೊಂಡರೆ ಮಿಕ್ಕಿದ್ದು ಸಾವಿರದ ಮಗ್ಗಿ. ಮೈಕ್ರೊಸೆಕೆಂಡಿಗೆ 300 ಮೀಟರ್, ಮಿಲಿಸೆಕೆಂಡಿಗೆ 300 ಕಿ.ಮೀ. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ನಿದ್ದೆ ಆಗುವ ದಾರಿ, ಬೆಳಕಿಗೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡು.

ಜೋಗದ 253 ಮೀಟರ್ ಎತ್ತರದಿಂದ ಬೆಳಕು ಕೆಳಗಿಳಿಯಲು 0.84 ಮೈಕ್ರೊಸೆಕೆಂಡು ಸಾಕು. ಚಂದ್ರನಿಂದ ಬರಲು 1.28 ಸೆಕೆಂಡು, ಸೂರ್ಯನಿಂದ 8 ನಿಮಿಷ 19 ಸೆಕೆಂಡು. ರೇಡಿಯೊ ಅಲೆಗಳೂ ಬೆಳಕಿನ ಜಾತಿಯವೇ, ಅವುಗಳ ವೇಗವೂ ಅಷ್ಟೇ. ಮಂಗಳಯಾನ ನೌಕೆ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದಾಗ ಅದರ ಸಂಕೇತ ಭೂಮಿಗೆ ಬರಲು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋದ ದೊಡ್ಡ ಆಂಟೆನಾ ಎಷ್ಟೇ ಶಕ್ತಿಶಾಲಿಯಾದರೂ ಆ ಕಾಯುವಿಕೆಯನ್ನು ಒಂದು ಸೆಕೆಂಡೂ ಕಡಿಮೆ ಮಾಡಲಾಗದು. ಅದಕ್ಕೇ ಇಂಜಿನ್ ಉರಿಸುವ ಆದೇಶಗಳನ್ನೆಲ್ಲ ಮೊದಲೇ ನೌಕೆಗೆ ಕಳಿಸಿಟ್ಟಿದ್ದರು.

ನಮ್ಮ ರೈತರು ಮಳೆಗೆ ಹೆಸರಿಡುವ ನಕ್ಷತ್ರಗಳನ್ನೇ ನೋಡಿ. ಏಪ್ರಿಲ್, ಮೇ ತಿಂಗಳ ರಾತ್ರಿ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಸ್ವಾತಿಯ ಬೆಳಕು ಅಲ್ಲಿಂದ ಹೊರಟು ಸುಮಾರು 37 ವರ್ಷವಾಗಿದೆ. ಚಿತ್ತಾ ನಕ್ಷತ್ರದ್ದು ಸುಮಾರು 250 ವರ್ಷ.

ಸ್ಟಾಪ್‌ವಾಚ್ ಯಾಕೆ ಸೋಲುತ್ತದೆ

ಆಗುಂಬೆ, ತೀರ್ಥಹಳ್ಳಿ ಕಡೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಕೊರತೆ ಇಲ್ಲ. ಮನೆಯೊಳಗೆ ಕುಳಿತು ಮಿಂಚು ಕಂಡಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಗುಡುಗು ಕೇಳಿದಾಗ ನಿಲ್ಲಿಸಿ. ಬಂದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. ಮೂರು ಕಿ.ಮೀ. ದೂರದ ಮಿಂಚಿನ ಸದ್ದು ಬರಲು ಸುಮಾರು 8.7 ಸೆಕೆಂಡು ಬೇಕು, ಬೆಳಕಿಗೆ 10 ಮೈಕ್ರೊಸೆಕೆಂಡು ಸಾಕು. ಎಣಿಕೆ 30 ಸೆಕೆಂಡಿಗಿಂತ ಕಡಿಮೆ ಬಂದರೆ ಮಿಂಚು ಹತ್ತು ಕಿ.ಮೀ. ಒಳಗಿದೆ. ಆಗ ಅಂಗಳದಲ್ಲಾಗಲಿ, ಮರದ ಬುಡದಲ್ಲಾಗಲಿ ನಿಲ್ಲಬೇಡಿ. ತೋಟದಲ್ಲಿ ಕೊನೆ ಕೊಯ್ಯುವ ದೋಟಿ ಹಿಡಿದು ನಿಲ್ಲಲೇಬಾರದು.

ಈಗ ಅದೇ ಸ್ಟಾಪ್‌ವಾಚಿನಲ್ಲಿ ಬೆಳಕನ್ನು ಅಳೆಯಲು ಹೊರಟರೆ ಏನಾಗುತ್ತದೆ? ಕುಂದಾದ್ರಿಯ ತುದಿಯಲ್ಲಿ ಒಬ್ಬರು, ಕೊಡಚಾದ್ರಿಯ ತುದಿಯಲ್ಲಿ ಒಬ್ಬರು ಟಾರ್ಚ್ ಹಿಡಿದು ನಿಂತರು ಎಂದುಕೊಳ್ಳಿ. ನೇರ ದೂರ 45 ಕಿ.ಮೀ. ಆಸುಪಾಸು. ಹೋಗಿ ಬರಲು ಬೆಳಕಿಗೆ 0.0003 ಸೆಕೆಂಡು. ಬೆಳಕು ಕಂಡ ಮೇಲೆ ಬೆರಳು ಗುಂಡಿ ಒತ್ತಲು ಮನುಷ್ಯನಿಗೆ ಕಡಿಮೆಯೆಂದರೂ 0.2 ಸೆಕೆಂಡು ಬೇಕು. ಅಷ್ಟರಲ್ಲಿ ಬೆಳಕು 60,000 ಕಿ.ಮೀ. ಹೋಗಿರುತ್ತದೆ. ಭೂಮಿಯ ಸುತ್ತಳತೆಯೇ ಸುಮಾರು 40,000 ಕಿ.ಮೀ. ಗೆಲಿಲಿಯೊ ಎರಡು ಲಾಂದ್ರಗಳಿಂದ ಇದೇ ಪ್ರಯತ್ನ ಮಾಡಿ, ತತ್‌ಕ್ಷಣವಲ್ಲದಿದ್ದರೂ ಅತಿ ವೇಗ ಎಂಬಷ್ಟಕ್ಕೇ ನಿಲ್ಲಬೇಕಾಯಿತು. ವಿಚಾರದಲ್ಲಿ ತಪ್ಪಿರಲಿಲ್ಲ, ದಾರಿ ಗಿಡ್ಡವಾಯಿತು ಅಷ್ಟೆ.

1849ರಲ್ಲಿ ಫ್ರಾನ್ಸಿನ ಫಿಜೋ ಬೆರಳನ್ನು ತೆಗೆದು ಅದರ ಜಾಗಕ್ಕೆ ಹಲ್ಲಿನ ಚಕ್ರ ಇಟ್ಟರು. ಚಕ್ರಕ್ಕೆ 720 ಹಲ್ಲು. ಹಲ್ಲುಗಳ ಸಂದಿನಲ್ಲಿ ಹೊರಟ ಬೆಳಕು 8.633 ಕಿ.ಮೀ. ದೂರದ ಕನ್ನಡಿಗೆ ಬಡಿದು ಹಿಂದೆ ಬರಬೇಕು. ಒಟ್ಟು ದಾರಿ 17.266 ಕಿ.ಮೀ., ಶಿವಮೊಗ್ಗದಿಂದ ಭದ್ರಾವತಿಗೆ ಹೋದಷ್ಟು ಎನ್ನಿ. ಚಕ್ರ ಸೆಕೆಂಡಿಗೆ 12.6 ಸುತ್ತು ಸುತ್ತುವಾಗ, ಬೆಳಕು ವಾಪಸ್ ಬರುವಷ್ಟರಲ್ಲಿ ಸಂದಿನ ಜಾಗಕ್ಕೆ ಹಲ್ಲು ಬಂದು ಅಡ್ಡ ನಿಂತಿತು, ಬೆಳಕು ಮಾಯವಾಯಿತು. ಲೆಕ್ಕ ನೀವೇ ಹಾಕಿ ನೋಡಿ. 720 ಹಲ್ಲು, 720 ಸಂದು, ಒಟ್ಟು 1,440. ಅದನ್ನು 12.6ರಿಂದ ಗುಣಿಸಿದರೆ ಸೆಕೆಂಡಿಗೆ 18,144 ಬದಲಾವಣೆ. 17.266ನ್ನು 18,144ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 3,13,000 ಕಿ.ಮೀ. ಇಂದಿನ ಅಂಕಿಗಿಂತ ಶೇ. 4ರಷ್ಟು ಮಾತ್ರ ಹೆಚ್ಚು.

ಇಲ್ಲಿ ಒಂದು ಮಾತು ಹೇಳಲೇಬೇಕು. ವಿಜಯನಗರ ಕಾಲದ ಸಾಯಣಾಚಾರ್ಯರ ಋಗ್ವೇದ ಭಾಷ್ಯದಲ್ಲಿ ಸೂರ್ಯ ಅರ್ಧ ನಿಮಿಷಕ್ಕೆ 2,202 ಯೋಜನ ಕ್ರಮಿಸುತ್ತಾನೆ ಎಂಬ ಮಾತಿದೆ, ಅದನ್ನೇ ಬೆಳಕಿನ ವೇಗ ಎಂದು ಹಂಚಿಕೊಳ್ಳುವವರು ಬಹಳ. ಅಲ್ಲಿನ 'ನಿಮಿಷ' ಎಂದರೆ ಕಣ್ಣೆವೆ ಬಡಿಯುವ ಹೊತ್ತು, ಗಡಿಯಾರದ ನಿಮಿಷವಲ್ಲ. ಯೋಜನದ ಉದ್ದವಾಗಲಿ ನಿಮಿಷದ ಅವಧಿಯಾಗಲಿ ಎಲ್ಲ ಗ್ರಂಥಗಳಲ್ಲಿ ಒಂದೇ ಇಲ್ಲ, ಅಳೆದ ವಿಧಾನವನ್ನೂ ಅಲ್ಲಿ ಹೇಳಿಲ್ಲ. ಹಾಗಾಗಿ ಅದನ್ನು ಅಳತೆ ಎಂದು ಎಣಿಸಲು ಬರುವುದಿಲ್ಲ. ಸಾಯಣರ ವಿದ್ವತ್ತಿಗೆ ಇದರಿಂದ ಯಾವ ಕುಂದೂ ಇಲ್ಲ.

ಅಡುಗೆಮನೆಯ ವಿಧಾನ: ಮೈಕ್ರೊವೇವ್ ಓವನ್

ಓವನ್ನಿನ ಹಿಂಬದಿಯ ಚೀಟಿಯಲ್ಲಿ ಸಾಮಾನ್ಯವಾಗಿ 2450 ಮೆಗಾಹರ್ಟ್ಸ್ ಎಂದು ಅಚ್ಚಾಗಿರುತ್ತದೆ. ಒಳಗಿನ ಅಲೆ, ಅದೂ ಬೆಳಕಿನ ಜಾತಿಯದೇ, ಸೆಕೆಂಡಿಗೆ 245 ಕೋಟಿ ಸಲ ಏರಿಳಿಯುತ್ತದೆ ಎಂದರ್ಥ. ಸಮಯದ ಕೆಲಸ ಚೀಟಿಯಲ್ಲೇ ಮುಗಿದಿದೆ, ನಾವು ಅಲೆಯ ಉದ್ದವೊಂದನ್ನು ಅಳೆದರೆ ಸಾಕು. ಗೋಡೆಗಳಿಗೆ ಬಡಿದು ಹಿಂತಿರುಗುವ ಅಲೆಗಳು ಸೇರಿ ಒಳಗೆ ಕೆಲವು ಕಡೆ ಬಿಸಿ, ಕೆಲವು ಕಡೆ ತಣ್ಣಗೆ ಉಳಿಯುವಂತೆ ನಿಂತುಬಿಡುತ್ತವೆ. ಪಕ್ಕಪಕ್ಕದ ಎರಡು ಬಿಸಿ ಜಾಗಗಳ ನಡುವೆ ಅರ್ಧ ಅಲೆಯುದ್ದ ಇರುತ್ತದೆ.

ಬೇಕಾದ ಸಾಮಾನು: ಅಗಲವಾದ ಸಾದಾ ಚಾಕೊಲೇಟ್ ಬಾರ್ ಎರಡು, ಚಪ್ಪಟೆ ಪಿಂಗಾಣಿ ಅಥವಾ ಗಾಜಿನ ತಟ್ಟೆ, ಒಂದು ಸಣ್ಣ ಗಾಜಿನ ಬಟ್ಟಲು, ಹಲ್ಲುಕಡ್ಡಿ, ಮಿಲಿಮೀಟರ್ ಗೆರೆಯ ಸ್ಕೇಲು. ನಮ್ಮಲ್ಲಿ ಕೈಗೆ ಮೊದಲು ಸಿಗುವುದು ಸ್ಟೀಲ್ ತಟ್ಟೆ, ಅದು ಬೇಡವೇ ಬೇಡ, ಕಿಡಿ ಹಾರುತ್ತದೆ. ಚಾಕೊಲೇಟಿನ ಬೆಳ್ಳಿ ಕಾಗದವನ್ನೂ ಒಂದು ಚೂರೂ ಉಳಿಯದಂತೆ ತೆಗೆಯಬೇಕು.

1. ಚಾಕೊಲೇಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಬೇಸಿಗೆಯಲ್ಲಿ ಅದು ಮೊದಲೇ ಮೆತ್ತಗಾಗಿದ್ದರೆ ಬಿಸಿ ಜಾಗದ ಅಂಚು ಗೊತ್ತಾಗುವುದಿಲ್ಲ.

2. ತಿರುಗುವ ಗಾಜಿನ ತಟ್ಟೆಯನ್ನೂ ಅದರ ಕೆಳಗಿನ ಗಾಲಿ ಬಳೆಯನ್ನೂ ಹೊರಗೆ ತೆಗೆಯಿರಿ. ನಡುವಿನ ತಿರುಗುವ ಗುಬ್ಬಿಯ ಮೇಲೆ ಬಟ್ಟಲನ್ನು ಬೋರಲು ಹಾಕಿ. ಗುಬ್ಬಿ ಒಳಗೆ ತಿರುಗುತ್ತಿರಲಿ, ಬಟ್ಟಲಿಗೆ ತಾಗಬಾರದು. ಅದರ ಮೇಲೆ ನಿಮ್ಮ ತಟ್ಟೆ ಇಡಿ. ಈ ಹಂತ ತಪ್ಪಿದರೆ ಪ್ರಯೋಗವೇ ಇಲ್ಲ. ಆಹಾರ ಎಲ್ಲ ಕಡೆ ಸಮನಾಗಿ ಬಿಸಿಯಾಗಲಿ ಎಂದೇ ತಟ್ಟೆ ತಿರುಗುವುದು, ನಮಗೆ ಬೇಕಾದ್ದು ಸಮನಾಗದ ಬಿಸಿ.

3. ಎರಡು ಬಾರನ್ನೂ ಅಕ್ಕಪಕ್ಕ, ಚೌಕದ ಗೆರೆ ಇರುವ ಮುಖ ಕೆಳಗಾಗುವಂತೆ ಇಡಿ. ಪೂರ್ಣ ಶಕ್ತಿಯಲ್ಲಿ 15 ಸೆಕೆಂಡು. ತೆಗೆದು ನೋಡಿ, ಹೊಳಪು ಕಾಣದಿದ್ದರೆ ಜರುಗಿಸದೆ ಇನ್ನೊಂದು 5 ಸೆಕೆಂಡು. ಮಳೆಗಾಲದಲ್ಲಿ ವೋಲ್ಟೇಜ್ ಇಳಿದಿದ್ದರೆ ಇನ್ನಷ್ಟು ಹೊತ್ತು ಬೇಕಾದೀತು. ಖಾಲಿ ಓವನ್ ಮಾತ್ರ ಓಡಿಸಬೇಡಿ, ಹಿಂತಿರುಗುವ ಶಕ್ತಿ ಅಲೆ ಹುಟ್ಟಿಸುವ ಒಳಗಿನ ಮ್ಯಾಗ್ನೆಟ್ರಾನನ್ನೇ ಸುಡಬಹುದು.

4. ಮೊದಲು ಕಾಣುವುದು ಕರಗಿದ ಹೊಂಡವಲ್ಲ, ರೂಪಾಯಿ ನಾಣ್ಯದಷ್ಟು ಅಗಲದ ಒದ್ದೆ ಹೊಳಪು. ಆಗಲೇ ನಿಲ್ಲಿಸಿ. ಹೊಳೆಯುವ ಪ್ರತಿ ಜಾಗದ ನಡುಮಧ್ಯಕ್ಕೆ ಹಲ್ಲುಕಡ್ಡಿ ಚುಚ್ಚಿ ಗುರುತು ಮಾಡಿ. ಹೊಂಡವಾಗುವವರೆಗೆ ಬಿಟ್ಟರೆ ಪಕ್ಕದ ಜಾಗಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ನಡುಮಧ್ಯ ಎಲ್ಲಿ ಎಂಬುದು ಊಹೆಯಾಗುತ್ತದೆ.

5. ಪಕ್ಕಪಕ್ಕದ ಗುರುತುಗಳ ದೂರ ಅಳೆದು ಬರೆದುಕೊಳ್ಳಿ. 60, 63, 61, 64, 62 ಮಿಲಿಮೀಟರ್ ಬಂತು ಎನ್ನೋಣ. ಸರಾಸರಿ 62, ಅಂದರೆ 0.062 ಮೀಟರ್. ಅದರ ಎರಡರಷ್ಟು 0.124 ಮೀಟರ್, ಇದೇ ಅಲೆಯುದ್ದ. ಅದನ್ನು 245 ಕೋಟಿಯಿಂದ ಗುಣಿಸಿ: 30.38 ಕೋಟಿ ಮೀಟರ್.

ನಿಖರ ಉತ್ತರ ಬರಬೇಕಾದರೆ ದೂರ 61.2 ಮಿ.ಮೀ. ಇರಬೇಕು. ಒಂದು ಮಿಲಿಮೀಟರ್ ತಪ್ಪಿದರೆ ಉತ್ತರ ಸೆಕೆಂಡಿಗೆ 4,900 ಕಿ.ಮೀ. ಆಚೀಚೆ ಆಗುತ್ತದೆ. ಎಲ್ಲೋ 75, 80 ಮಿ.ಮೀ. ಬಂದರೆ ಗಾಬರಿ ಬೇಡ, ಅದನ್ನು ಗುಟ್ಟಾಗಿ ಕೈಬಿಡುವುದೂ ಬೇಡ. ಓವನ್ ಒಂದು ಪೆಟ್ಟಿಗೆ, ಅಲೆ ಉದ್ದ, ಅಗಲ, ಎತ್ತರ ಮೂರೂ ಕಡೆ ಬಡಿಯುತ್ತದೆ. ಓರೆಯಾಗಿ ಸಾಗುವ ಅಲೆಯ ನೆರಳನ್ನು ನಾವು ತಟ್ಟೆಯ ಮೇಲೆ ಅಳೆಯುತ್ತಿರುತ್ತೇವೆ. ಹಾಗಾಗಿ ಒಂದು ದಿಕ್ಕಿನಲ್ಲಿ ದೂರ ಹೆಚ್ಚೇ ಬರಬಹುದು. ತಟ್ಟೆಯ ಎತ್ತರ ಎರಡು ಸೆಂಟಿಮೀಟರ್ ಬದಲಿಸಿ ಮತ್ತೆ ಮಾಡಿ, ಎರಡೂ ದಿಕ್ಕಿನಲ್ಲಿ ಅಳೆಯಿರಿ, ಎಲ್ಲವನ್ನೂ ಬರೆದಿಡಿ. ಒಂದೇ ಸಲಕ್ಕೆ 61 ಬಂತೆಂದು ಉಳಿದವನ್ನು ಅಳಿಸಿದರೆ ಅದು ಅಳತೆಯಲ್ಲ, ಪುಸ್ತಕದ ಉತ್ತರವನ್ನು ಹುಡುಕಿ ಕಂಡುಕೊಂಡಂತೆ. ತಿರುಗುವ ತಟ್ಟೆಯೇ ಇಲ್ಲದ ಕೆಲವು ಮಾದರಿಗಳಲ್ಲಿ ಆಂಟೆನಾ ನೆಲದ ಕೆಳಗೆ ತಿರುಗುತ್ತದೆ, ಅವುಗಳಲ್ಲಿ ಈ ಪ್ರಯೋಗ ಆಗುವುದಿಲ್ಲ.

ಮಕ್ಕಳಿಗೆ ತೋರಿಸುವುದಾದರೆ ತಟ್ಟೆ ತುಂಬ ಹಪ್ಪಳ ಹರಡಿ. ಉಬ್ಬಿ ಬೆಳ್ಳಗಾದ ಜಾಗಗಳ ಚಿತ್ತಾರ ಒಮ್ಮೆಲೇ ಕಾಣುತ್ತದೆ. ಅಳತೆಗೆ ಮಾತ್ರ ಚಾಕೊಲೇಟೇ ಒಳ್ಳೆಯದು.

ಲ್ಯಾಬಿನ ವಿಧಾನ: ಡಿಶ್ ಕೇಬಲ್ ಮತ್ತು ಸಿಆರ್‌ಓ

ನಿಜವಾಗಿ ಸಮಯವನ್ನೇ ಅಳೆಯಬೇಕು ಎನ್ನುವವರಿಗೆ ಇದು ನಮ್ಮ ಮೆಚ್ಚಿನ ದಾರಿ. ಪಿಯು, ಡಿಗ್ರಿ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಸಿಗುವ, ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ (ಸಿಆರ್‌ಓ) ಮತ್ತು ಅಲೆ ಹುಟ್ಟಿಸುವ ಸಿಗ್ನಲ್ ಜನರೇಟರ್ ಸಾಕು, ಸ್ಕೋಪ್ 50 ಮೆಗಾಹರ್ಟ್ಸಿನದಾದರೆ ಚೆನ್ನ. ಜೊತೆಗೆ ಟಿವಿ ಡಿಶ್ಶಿಗೆ ಹಾಕುವ ಆರ್‌ಜಿ-6 ಕೇಬಲ್ ಸುಮಾರು 100 ಮೀಟರ್, ಒಂದು ಬಿಎನ್‌ಸಿ 'ಟಿ' ಕನೆಕ್ಟರ್.

ಮೊದಲ ಕೆಲಸ ಕೇಬಲ್ಲಿನ ಉದ್ದ ಖಚಿತ ಮಾಡಿಕೊಳ್ಳುವುದು. ಸುರುಳಿಯ ಚೀಟಿಯನ್ನು ನಂಬಬೇಡಿ. ಮೇಲ್ಪದರದಲ್ಲಿ ಮೀಟರ್ ಗುರುತು ಅಚ್ಚಾಗಿದ್ದರೆ ಎರಡು ತುದಿಯ ಅಂಕಿಗಳನ್ನು ಕಳೆಯಿರಿ. ಇಲ್ಲದಿದ್ದರೆ ಟೇಪು ಹಿಡಿದೇ ಅಳೆಯಬೇಕು. ಒಂಬತ್ತಡಿ ಅಂತರದಲ್ಲಿ ನೆಟ್ಟ ಅಡಿಕೆ ತೋಟದ ಸಾಲಿನಲ್ಲಿ ಎಳೆದರೆ ತಾಳೆ ನೋಡಲು ಸುಲಭ: ಅಂತರ 2.7 ಮೀಟರ್, 37 ಅಂತರಕ್ಕೆ ನೂರು ಮೀಟರ್ ಆಗುತ್ತದೆ.

ಜನರೇಟರಿನ ಔಟ್‌ಪುಟ್, ಸ್ಕೋಪಿನ ಇನ್‌ಪುಟ್, ಕೇಬಲ್ಲಿನ ಒಂದು ತುದಿ ಮೂರನ್ನೂ 'ಟಿ'ಗೆ ಜೋಡಿಸಿ. ಕೇಬಲ್ಲಿನ ಇನ್ನೊಂದು ತುದಿ ಖಾಲಿ ಇರಲಿ, ಅಲ್ಲಿ ನಡುತಂತಿ ಸುತ್ತಲಿನ ಜಾಲರಿಗೆ ತಾಗಬಾರದು. ಸ್ಕೋಪ್ ಇನ್‌ಪುಟ್ 1 ಮೆಗಾ ಓಮ್‌ನಲ್ಲಿರಲಿ. 100 ಕಿಲೋಹರ್ಟ್ಸ್ ಚೌಕ ಅಲೆ ಕೊಟ್ಟು, ಸ್ಕೋಪನ್ನು ಪರದೆಯ ಒಂದು ಮನೆಗೆ (ಚೌಕಕ್ಕೆ) 200 ನ್ಯಾನೊಸೆಕೆಂಡಿಗೆ ತಿರುಗಿಸಿ.

ಪರದೆಯ ಮೇಲೆ ನೇರ ಏರು ಕಾಣುವುದಿಲ್ಲ, ಎರಡು ಮೆಟ್ಟಿಲು ಕಾಣುತ್ತದೆ. ಮೊದಲ ಮೆಟ್ಟಿಲು ಅಲೆ ಹೊರಟದ್ದು. ಎರಡನೆಯದು ಖಾಲಿ ತುದಿಗೆ ಬಡಿದು ವಾಪಸ್ ಬಂದದ್ದು. ನಡುವಿನ ಸಮತಟ್ಟೇ ಬೆಳಕಿನ ಜಾತಿಯದೇ ಆದ ಈ ಅಲೆ 100 ಮೀಟರ್ ಹೋಗಿ 100 ಮೀಟರ್ ಬಂದ ಸಮಯ, ಪರದೆಯ ನಾಲ್ಕು ಮನೆಯಷ್ಟು ಅಗಲವಾಗಿ ಕಣ್ಣೆದುರು ನಿಂತಿರುತ್ತದೆ. ಪ್ರತಿ ಏರಿನ ಅರ್ಧ ಎತ್ತರದಿಂದ ಅರ್ಧ ಎತ್ತರಕ್ಕೆ ಅಳೆಯಿರಿ. ಎರಡನೆಯ ಮೆಟ್ಟಿಲು ತುಸು ಮೇಲಕ್ಕೆ ಹಾರಿ ಮತ್ತೆ ಇಳಿದರೆ ತಪ್ಪಲ್ಲ. ಕೇಬಲ್ 75 ಓಮ್, ಜನರೇಟರ್ 50 ಓಮ್, ಈ ಹೊಂದಾಣಿಕೆ ಇಲ್ಲದ ಕಡೆ ಅಲೆ ಇನ್ನೊಮ್ಮೆ ತಿರುಗುತ್ತದೆ. ನೋಡುತ್ತಿರುವುದು ನಿಜಕ್ಕೂ ವಾಪಸ್ ಬಂದ ಅಲೆಯೇ ಎಂಬ ಪರೀಕ್ಷೆ ಹೀಗೆ: ಖಾಲಿ ತುದಿಗೆ 75 ಓಮಿನ ರೆಸಿಸ್ಟರ್ ಹಾಕಿ, ಎರಡನೆಯ ಮೆಟ್ಟಿಲು ಅಳಿಸಿಹೋಗಬೇಕು. ನಡುತಂತಿಯನ್ನೂ ಜಾಲರಿಯನ್ನೂ ಕೂಡಿಸಿ, ಮೆಟ್ಟಿಲು ಕೆಳಮುಖವಾಗಬೇಕು.

0.80 ಮೈಕ್ರೊಸೆಕೆಂಡು ಬಂತು ಎನ್ನೋಣ. 200 ಮೀಟರನ್ನು ಅದರಿಂದ ಭಾಗಿಸಿದರೆ 25 ಕೋಟಿ ಮೀಟರ್. ಮೂವತ್ತು ಬರಬೇಕಿತ್ತಲ್ಲ? ಸ್ಕೋಪ್ ಕೆಟ್ಟಿಲ್ಲ. ಅಲೆ ಸಾಗುವುದು ತಂತಿಯೊಳಗಲ್ಲ, ತಂತಿಗೂ ಜಾಲರಿಗೂ ನಡುವಿನ ಬಿಳಿ ನೊರೆ ಪ್ಲಾಸ್ಟಿಕ್ಕಿನಲ್ಲಿ. ಅದು ಅಲೆಯನ್ನು ನಿರ್ವಾತದ ವೇಗದ ಸುಮಾರು ಶೇ. 83ಕ್ಕೆ ಇಳಿಸುತ್ತದೆ. ನೊರೆಯಿಲ್ಲದ ಗಟ್ಟಿ ಪ್ಲಾಸ್ಟಿಕ್ಕಿನ ಆರ್‌ಜಿ-58 ಕೇಬಲ್ ತಂದರೆ ಶೇ. 66 ಬರುತ್ತದೆ. ಎರಡನ್ನೂ ಅಳೆದು ಪಕ್ಕಪಕ್ಕ ಬರೆದಾಗ, 'ನಿರ್ವಾತದಲ್ಲಿ' ಎಂಬ ಪದವನ್ನು ಪುಸ್ತಕ ಯಾಕೆ ಬಿಡದೆ ಸೇರಿಸುತ್ತದೆ ಎಂಬುದು ಮನಸ್ಸಿಗೆ ಇಳಿಯುತ್ತದೆ. ಇನ್ನೊಂದು ಉಪಾಯ: ಒಮ್ಮೆ 100 ಮೀಟರ್ ಕೇಬಲ್ಲಿಗೆ, ಒಮ್ಮೆ 50 ಮೀಟರ್ ಕೇಬಲ್ಲಿಗೆ ಅಳೆದು ಸಮಯಗಳನ್ನು ಕಳೆಯಿರಿ. ಕನೆಕ್ಟರ್, ಅಡಾಪ್ಟರುಗಳಲ್ಲಿ ಆಗುವ ವಿಳಂಬ ತಾನಾಗಿ ವಜಾ ಆಗುತ್ತದೆ.

ಅಂಗಳದ ವಿಧಾನ: ಗುರುಗ್ರಹದ ಚಂದ್ರ

ತಾಳ್ಮೆ ಇರುವವರಿಗೆ ಮಾತ್ರ. 60-70 ಮಿ.ಮೀ. ದೂರದರ್ಶಕ ಸಾಕು, ಆದರೆ ಆರು ತಿಂಗಳು ಬೇಕು. ಗುರುವಿನ ಉಪಗ್ರಹ ಅಯೊ ಸರಾಸರಿ 42 ಗಂಟೆ 28 ನಿಮಿಷ 36 ಸೆಕೆಂಡಿಗೊಮ್ಮೆ ಗುರುವಿನ ನೆರಳಿಗೆ ಬರುತ್ತದೆ. ಭೂಮಿ ಗುರುವಿನ ಕಡೆ ಸಾಗುವಾಗ ಗ್ರಹಣಗಳು ಬೇಗ ಬೇಗ ಕಾಣುತ್ತವೆ, ದೂರ ಸರಿಯುವಾಗ ತಡವಾಗುತ್ತವೆ. ಡೆನ್ಮಾರ್ಕಿನ ರೋಮರ್ 1676ರಲ್ಲಿ ಇದನ್ನು ಹಿಡಿದು, ಬೆಳಕಿಗೂ ಸಮಯ ಬೇಕು ಎಂದು ಮೊದಲು ತೋರಿಸಿಕೊಟ್ಟರು.

ಗುರು ಸೂರ್ಯನಿಗೆ ನೇರ ಎದುರು ಬರುವ ದಿನಕ್ಕೆ ಮೊದಲು ಅಯೊ ನೆರಳಿನಲ್ಲಿ ಮರೆಯಾಗುವುದು ಮಾತ್ರ ಕಾಣುತ್ತದೆ, ಆಮೇಲೆ ಹೊರಬರುವುದು ಮಾತ್ರ. ಆ ದಿನ ಜನವರಿ, ಫೆಬ್ರವರಿಯಲ್ಲಿ ಬೀಳುವ ವರ್ಷ ನಮಗೆ ಅನುಕೂಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಆಕಾಶ ಬಿಡುವಾಗಿರುತ್ತದೆ. ಮಳೆಗಾಲಕ್ಕೆ ಬಂದರೆ ಆ ವರ್ಷ ಬಿಟ್ಟುಬಿಡಿ. ಚಳಿಗಾಲದ ಇಬ್ಬನಿ ಮಸೂರದ ಮೇಲೆ ಕೂರದಂತೆ ಕಪ್ಪು ರಟ್ಟಿನ ಕೊಳವೆ ಮಾಡಿ ಮುಂದೆ ಸಿಕ್ಕಿಸಿ.

ಮೊದಲರ್ಧದಲ್ಲಿ ಮರೆಯಾದ ವೇಳೆಗಳಿಂದ ಒಂದು ಸರಾಸರಿ ಅವಧಿ, ಎರಡನೆಯರ್ಧದಲ್ಲಿ ಹೊರಬಂದ ವೇಳೆಗಳಿಂದ ಇನ್ನೊಂದು ತೆಗೆಯಿರಿ. ಎದುರು ಬರುವ ದಿನದ ಆಚೀಚೆ ಸುಮಾರು ಮೂರು ಮೂರು ತಿಂಗಳು ಪೂರ್ತಿ ನೋಡಿದರೆ ಎರಡಕ್ಕೂ 18 ಸೆಕೆಂಡಿನಷ್ಟು ವ್ಯತ್ಯಾಸ ಬರಬೇಕು. ಈ ಅವಧಿಯಲ್ಲಿ ಪ್ರತಿ ಸುತ್ತಿಗೆ ದೂರ ಸರಾಸರಿ 27.5 ಲಕ್ಷ ಕಿ.ಮೀ. ಬದಲಾಗುತ್ತದೆ. ಅದರ ಎರಡರಷ್ಟನ್ನು ಆ ವ್ಯತ್ಯಾಸದಿಂದ ಭಾಗಿಸಿದರೆ ವೇಗ. ಬರೀ ಒಂದರ್ಧ ನೋಡಿ ಮೇಲಿನ ಸರಾಸರಿ ಅವಧಿಯೊಂದಿಗೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಗುರುವಿನ ಕಕ್ಷೆ ಪೂರ್ಣ ವೃತ್ತವಲ್ಲದ್ದರಿಂದ ಆ ಅವಧಿಯೇ ಆರು ಸೆಕೆಂಡಿನವರೆಗೆ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಮೊಬೈಲ್ ಆ್ಯಪ್ ತೋರಿಸುವ ಗ್ರಹಣದ ವೇಳೆ ಯಾವಾಗ ಹೊರಗೆ ಹೋಗಿ ನೋಡಬೇಕು ಎಂದು ತಿಳಿಯಲು ಮಾತ್ರ. ಬೆಳಕಿನ ಪ್ರಯಾಣದ ಸಮಯವನ್ನು ಅದರಲ್ಲಿ ಆಗಲೇ ಸೇರಿಸಿರುತ್ತಾರೆ, ಅದನ್ನೇ ಲೆಕ್ಕಕ್ಕೆ ಹಾಕಿದರೆ ವ್ಯತ್ಯಾಸ ಸೊನ್ನೆ ಬರುತ್ತದೆ.

ತಿರುಗಿಸಿ ಬಳಸುವುದು

1983ರಿಂದ ಬೆಳಕಿನ ವೇಗ ಅಳೆಯಬೇಕಾದ ಅಂಕಿಯಾಗಿ ಉಳಿದಿಲ್ಲ, ಅದನ್ನು ನಿಗದಿ ಮಾಡಿ, ಮೀಟರನ್ನೇ ಅದರಿಂದ ಪಡೆಯುತ್ತಿದ್ದಾರೆ. ಬೆಳಕು ಸೆಕೆಂಡಿನ 29,97,92,458ರ ಒಂದು ಪಾಲಿನಲ್ಲಿ ಸಾಗುವ ದೂರವೇ ಒಂದು ಮೀಟರ್. ಹಾಗಾಗಿ ಇಂದು ಇದರ ನಿತ್ಯದ ಉಪಯೋಗ ವೇಗದಿಂದ ದೂರ ಕಂಡುಹಿಡಿಯುವುದು.

ಫೋನಿನಲ್ಲಿ ಪಿಂಗ್, ಅಂದರೆ ಸರ್ವರಿಗೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ, ನೋಡಿ. ಗಾಜಿನ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,04,000 ಕಿ.ಮೀ. ಮಾತ್ರ ಸಾಗುತ್ತದೆ. ಬೆಂಗಳೂರಿಗೆ ಹೋಗಿ ಬರಲು ಮೂರು ಮಿಲಿಸೆಕೆಂಡು ಸಾಕಿದ್ದರೂ 20, 30 ತೋರಿಸುವುದು ನಡುವಿನ ಯಂತ್ರಗಳ ಕಾಯುವಿಕೆಯಿಂದ, ಬೆಳಕಿನಿಂದಲ್ಲ. ಹಾಗಾಗಿ ಪಿಂಗಿನಿಂದ ಬೆಳಕಿನ ವೇಗ ಸಿಗದು. ಆದರೆ ಅಮೆರಿಕದ ಸರ್ವರ್ ಎಂದು ಹೇಳಿ 15 ಮಿಲಿಸೆಕೆಂಡಿನಲ್ಲಿ ಉತ್ತರ ಬಂದರೆ ಆ ಉತ್ತರ ಅಮೆರಿಕದಿಂದ ಬಂದದ್ದಲ್ಲ ಎಂದು ಖಚಿತವಾಗಿ ಹೇಳಬಹುದು. ಅಷ್ಟರಲ್ಲಿ ಫೈಬರಿನ ಬೆಳಕು ಹೋಗಿಬರಬಲ್ಲ ದೂರ 1,530 ಕಿ.ಮೀ. ಮೀರದು.

ಜೂನ್ ಗಾಳಿಗೆ ಮರ ಬಿದ್ದು ಫೈಬರ್ ತುಂಡಾದಾಗ ಲೈನಿನವರು ಹಿಡಿದು ಬರುವ ಓಟಿಡಿಆರ್ ಪೆಟ್ಟಿಗೆ ಮಾಡುವುದು ನಮ್ಮ ಕೇಬಲ್ ಪ್ರಯೋಗವನ್ನೇ. ಬೆಳಕಿನ ಒಂದು ಮಿಡಿತ ಕಳಿಸಿ, ತುಂಡಾದ ತುದಿಗೆ ಬಡಿದು ಬರುವ ಸಮಯ ನೋಡುತ್ತದೆ. ಫೈಬರಿನಲ್ಲಿ ಹೋಗಿಬರಲು ಕಿಲೋಮೀಟರಿಗೆ ಸುಮಾರು 10 ಮೈಕ್ರೊಸೆಕೆಂಡು. 84 ಬಂದರೆ ತುಂಡಾದದ್ದು ಕೇಬಲ್ಲಿನ 8.57ನೇ ಕಿಲೋಮೀಟರಿನಲ್ಲಿ. ಆದರೆ ಕಂಬಗಳಲ್ಲಿ ಸುತ್ತಿಟ್ಟ ಹೆಚ್ಚುವರಿ ಸುರುಳಿಗಳೂ ಆ ಉದ್ದದಲ್ಲೇ ಸೇರಿರುತ್ತವೆ. ಮಧ್ಯದಲ್ಲಿ 20 ಮೀಟರಿನ ಹತ್ತು ಸುರುಳಿ ಇದ್ದರೆ 200 ಮೀಟರ್ ಕಳೆದು, ರಸ್ತೆಯಲ್ಲಿ 8.37 ಕಿ.ಮೀ. ಆಸುಪಾಸಿನಿಂದ ಹುಡುಕಲು ತೊಡಗಬೇಕು.